ಕಾಪಿ ಮಾಡುವ ಕಾಮನ್ ಫೋಲ್ಡರಿನಿಂದ ಲೈಬ್ರರಿ ಮಾಡುವುದು ಹೇಗೆ?

ಪ್ರಶ್ನೆ: ಆರು ವರ್ಷದಿಂದ ಸಿ ಶಾರ್ಪ್‌ನಲ್ಲಿ, ವಿನ್‌ಫಾರ್ಮ್ಸ್ (ವಿಂಡೋಸ್ ಸ್ಕ್ರೀನುಗಳನ್ನು ಕಟ್ಟುವ ಮೈಕ್ರೋಸಾಫ್ಟ್ ಸಲಕರಣೆ) ಬಳಸಿ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಹೊಸ ಪ್ರಾಜೆಕ್ಟ್ ಶುರುವಾದಾಗಲೆಲ್ಲ ಹಳೇದರ 'ಕಾಮನ್' ಫೋಲ್ಡರನ್ನು ಕಾಪಿ ಮಾಡಿಕೊಳ್ಳುತ್ತೇನೆ. ಈಗ ನಾಲ್ಕು ಪ್ರಾಜೆಕ್ಟಿನಲ್ಲಿ ನಾಲ್ಕು ಥರದ ಕಾಮನ್ ಇದೆ. ಒಂದರಲ್ಲಿ ಸರಿಮಾಡಿದ ಬಗ್ ಇನ್ನೊಂದರಲ್ಲಿ ಹಾಗೇ ಉಳಿದಿದೆ. ಬೇಸ್ ಫಾರ್ಮ್ (ಉಳಿದ ಫಾರ್ಮುಗಳಿಗೆಲ್ಲ ತಾಯಿಯಾದ ಫಾರ್ಮ್), ಗ್ರಿಡ್ (ಸಾಲು–ಕಾಲಮ್ ಪಟ್ಟಿ), ಯುಟಿಲ್ಸ್ (ಚಿಲ್ಲರೆ ಕೆಲಸದ ಮೆಥಡ್‌ಗಳ) ಕ್ಲಾಸ್ ಎಲ್ಲ ಸೇರಿಸಿ, ಎಲ್ಲ ಪ್ರಾಜೆಕ್ಟೂ ಹಂಚಿಕೊಳ್ಳುವ ಒಂದು ಸರಿಯಾದ ಲೈಬ್ರರಿ ಮಾಡಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ? ಎಲ್ಲವನ್ನೂ ಹೊಸದಾಗಿ ಬರೆಯಲಾ?

ಉತ್ತರ: ಹೊಸದಾಗಿ ಬರೆಯಬೇಡಿ. ನಾಲ್ಕು ಕಾಪಿ ಇರುವುದು ನಿಮಗೆ ತಲೆನೋವಾಗಿ ಕಾಣುತ್ತಿದೆ. ಆದರೆ ನಿಮ್ಮ ಕೈಯಲ್ಲಿರುವ ಒಳ್ಳೇ ಮಾಹಿತಿ ಅದೇ. ನಾಲ್ಕು ಫೋಲ್ಡರನ್ನೂ ಫೈಲ್ ಹೋಲಿಸುವ ಟೂಲಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ನಾಲ್ಕರಲ್ಲೂ ಒಂದಕ್ಷರ ಬದಲಾಗದೆ ಉಳಿದ ಕೋಡ್ ಒಂದಷ್ಟು ಸಿಗುತ್ತದೆ. ಅದು ಲೈಬ್ರರಿಗೆ ಸೇರಬೇಕಾದ್ದು. ಇನ್ನು ಕೆಲವು ಕಡೆ ಒಂದೆರಡು ಸಾಲು ಮಾತ್ರ ಬೇರೆ ಇರುತ್ತದೆ. ಆ ಸಾಲುಗಳೇ ಮುಂದೆ ನಿಮ್ಮ ಪ್ರಾಪರ್ಟಿ ಅಥವಾ ಪ್ಯಾರಾಮೀಟರ್, ಅಂದರೆ ಹೊರಗಿನಿಂದ ಕೊಡಬಹುದಾದ ಬೆಲೆ, ಆಗುತ್ತವೆ. ಒಂದೇ ಪ್ರಾಜೆಕ್ಟಿನಲ್ಲಿ ಇರುವುದು ಆ ಪ್ರಾಜೆಕ್ಟಿನದ್ದು. ಎಷ್ಟೇ ಚೆನ್ನಾಗಿ ಬರೆದಿದ್ದರೂ ಅದನ್ನು ಅಲ್ಲೇ ಬಿಡಿ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಇದನ್ನೇ ಉಲ್ಟಾ ಮಾಡಿ ಅನುಭವಿಸಿದವನು. ಒಂದೂ ಆ್ಯಪ್ ಬರೆಯುವ ಮುಂಚೆ ಮೂರು ತಿಂಗಳು ಕೂತು 'ಫ್ರೇಮ್‌ವರ್ಕ್' ಕಟ್ಟಿದ್ದೆ. ಅದರಲ್ಲಿದ್ದ ಹುಡುಕುವ ಬಾಕ್ಸಿಗೆ 14 ಪ್ರಾಪರ್ಟಿ ಕೊಟ್ಟಿದ್ದೆ. ಮುಂದೆ ಬಳಕೆಗೆ ಬಂದಿದ್ದು ಮೂರು. ನಿಜವಾಗಿ ಬೇಕಾಗಿದ್ದು ಬೇರೇನೇ ಇತ್ತು. ಬಳಕೆದಾರರು ಟೈಪ್ ಮಾಡುವುದನ್ನು ನಿಲ್ಲಿಸಿದ ಮೇಲೆ ಒಂದು 300 ಮಿಲಿಸೆಕೆಂಡ್ ಕಾದು ಆಮೇಲೆ ಹುಡುಕಬೇಕಿತ್ತು. ಅದೊಂದು ಮಾತ್ರ ಇರಲಿಲ್ಲ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದೆ, ಅಷ್ಟೇ.

ಹೋಲಿಸಿ ಆರಿಸಿಕೊಂಡ ಮೇಲೆ ಪ್ರತಿ ಕ್ಲಾಸಿನ ಬಗ್ಗೆಯೂ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದಕ್ಕೆ ಏನೇನು ಗೊತ್ತು? ಫೈಲಿನ ತಲೆಯಲ್ಲಿರುವ ಯೂಸಿಂಗ್ ಸಾಲುಗಳನ್ನು (ಈ ಫೈಲ್ ಬೇರೆ ಯಾವ ಕೋಡನ್ನು ಬಳಸುತ್ತದೆ ಅಂತ ಹೇಳುವವು) ಓದಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಒಂದು ಟೆಕ್ಸ್ಟ್‌ಬಾಕ್ಸಿನ ಫೈಲಿನಲ್ಲಿ ಡೇಟಾಬೇಸ್ ನೇಮ್‌ಸ್ಪೇಸ್ ಕಂಡಿತು ಅನ್ನಿ. ಆ ಬಾಕ್ಸ್ ಇನ್ನೊಂದು ಪ್ರಾಜೆಕ್ಟಿಗೆ ಬರುವಾಗ ಡೇಟಾಬೇಸನ್ನೂ ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಮರುಬಳಕೆ ಆಗದ ಕ್ಲಾಸುಗಳಲ್ಲಿ ನಾನು ಕಂಡ ದೋಷ ಹೆಚ್ಚಿನ ಸಲ ಇದೇ. ಅದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಗೊತ್ತಿರುತ್ತದೆ.

ಒಂದನ್ನು ಬಿಚ್ಚಿ ನೋಡೋಣ. ವರದಿ ತೆಗೆಯುವ ಸ್ಕ್ರೀನಿನಲ್ಲಿ 'ಈ ತಾರೀಖಿನಿಂದ ಆ ತಾರೀಖಿನವರೆಗೆ' ಆರಿಸುವ ಕಂಟ್ರೋಲ್ (ಬಾಕ್ಸ್, ಬಟನ್ ಥರದ ಸ್ಕ್ರೀನಿನ ಭಾಗ) ಎಲ್ಲರ ಹತ್ತಿರವೂ ಇರುತ್ತದೆ. ಎರಡು ಡೇಟ್‌ಟೈಮ್‌ಪಿಕರ್, ಪಕ್ಕದಲ್ಲಿ 'ಇಂದು, ಈ ವಾರ, ಈ ತಿಂಗಳು' ಅನ್ನುವ ಕಾಂಬೋ. ಮೊದಲ ಸಲ ಬರೆಯುವಾಗ, ತಾರೀಖು ಬದಲಾದ ಕೂಡಲೇ ಒಳಗಿಂದಲೇ ಕ್ವೆರಿ ಓಡಿಸಿ ಗ್ರಿಡ್ ತುಂಬಿಸಿಬಿಟ್ಟಿರುತ್ತೇವೆ. ಅದನ್ನು ಕಿತ್ತು ಹಾಕಿ, 'ರೇಂಜ್‌ಚೇಂಜ್ಡ್' ಅಂತ ಒಂದು ಈವೆಂಟ್ (ಏನೋ ಬದಲಾಯಿತು ಅಂತ ಹೊರಗೆ ಸಾರುವ ಸೂಚನೆ) ಇಡಿ. ಕೇಳಿಸಿಕೊಂಡವರು ಏನು ಬೇಕೋ ಮಾಡಿಕೊಳ್ಳಲಿ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಇದಾದ ಮೇಲೆ.

ಬಳಕೆದಾರ 'ಈ ತಿಂಗಳು' ಆರಿಸುತ್ತಾನೆ. ನಿಮ್ಮ ಕೋಡ್ ಮೊದಲು 'ಇಂದ' ಪಿಕರನ್ನು ಬದಲಿಸುತ್ತದೆ, ಆಮೇಲೆ 'ವರೆಗೆ' ಪಿಕರನ್ನು. ಎರಡಕ್ಕೂ ವ್ಯಾಲ್ಯೂಚೇಂಜ್ಡ್ ಬರುತ್ತದೆ. ಹಾಗಾಗಿ ನಿಮ್ಮ ಈವೆಂಟ್ ಎರಡು ಸಲ ಹೊರಡುತ್ತದೆ. ಮೊದಲನೇ ಸಲ ಶುರು ಹೊಸದು, ಕೊನೆ ಹಳೇದು. ಹಿಂದಿನ ಆಯ್ಕೆ ಕಳೆದ ವರ್ಷದ್ದಾಗಿದ್ದರೆ ಶುರುವೇ ಕೊನೆಗಿಂತ ಮುಂದೆ ಹೋಗಿರುತ್ತದೆ. ಗ್ರಿಡ್ ಒಮ್ಮೆ ಖಾಲಿಯಾಗಿ ಮತ್ತೆ ತುಂಬುತ್ತದೆ. ಕ್ವೆರಿ ಸುಮ್ನೆ ಎರಡು ಸಲ ಓಡುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸುವ ಒಂದು ಮೆಥಡ್ ಬರೆಯಿರಿ. ಒಳಗೆ ಒಂದು ಬೂಲಿಯನ್ ಫ್ಲ್ಯಾಗ್ (ಎತ್ತಿರುವಷ್ಟು ಹೊತ್ತು ಈವೆಂಟ್ ಹೊರಡದಂತೆ ತಡೆಯುವ ಹೌದು–ಇಲ್ಲ ಗುರುತು) ಎತ್ತಿ, ಎರಡೂ ಪಿಕರ್ ಬದಲಿಸಿ, ಫೈನಲಿ ಬ್ಲಾಕಿನಲ್ಲಿ (ಮಧ್ಯೆ ಎರರ್ ಬಂದರೂ ಓಡುವ ಭಾಗ) ಫ್ಲ್ಯಾಗ್ ಇಳಿಸಿ, ಕೊನೆಗೆ ಈವೆಂಟನ್ನು ಒಂದೇ ಸಲ ಕಳಿಸಿ. ಫೈನಲಿ ಮರೆತರೆ, ಮಧ್ಯೆ ಎಕ್ಸೆಪ್ಷನ್ ಬಂದ ದಿನ ಕಂಟ್ರೋಲ್ ಮೂಕಾಗುತ್ತದೆ. ಯಾಕೆ ಅಂತ ಹುಡುಕಲು ಅರ್ಧ ದಿನ ಹೋಗುತ್ತದೆ.

ಇನ್ನೊಂದು ಇದೆ. 31ರವರೆಗೆ ಅಂದರೆ 31ರ ಯಾವ ಹೊತ್ತಿನವರೆಗೆ? ಬರೀ ತಾರೀಖು ತೆಗೆದುಕೊಂಡರೆ ಅದು 31ರ 00:00 ಗಂಟೆ. ಅಂದರೆ 31ನೇ ತಾರೀಖಿನ ಇಡೀ ದಿನದ ರೆಕಾರ್ಡುಗಳು ವರದಿಯಿಂದ ಹೊರಗೆ. ಕೆಲವರು 23:59:59 ಅಂತ ತೇಪೆ ಹಾಕುತ್ತಾರೆ. ಆಗಲೂ ಕೊನೆಯ ಸೆಕೆಂಡಿನ ಒಳಗೆ ಬಂದ ರೆಕಾರ್ಡ್ ತಪ್ಪುತ್ತದೆ. ನನ್ನ ಕಂಟ್ರೋಲ್ ಹೊರಗೆ ಕೊಡುವುದು ಶುರುವಿನ ದಿನ ಮತ್ತು ಕೊನೆಯ ದಿನದ ಮಾರನೇ ದಿನ. ಕ್ವೆರಿಯಲ್ಲಿ 'ಶುರುವಿನಿಂದ ಹಿಡಿದು, ಮಾರನೇ ದಿನಕ್ಕಿಂತ ಮುಂಚೆ' ಅಂತ ಬರೆಯುತ್ತೇನೆ. ಪ್ರಾಪರ್ಟಿಗೆ 'ಎಂಡ್‌ಎಕ್ಸ್‌ಕ್ಲೂಸಿವ್' ಅಂತ ಹೆಸರಿಟ್ಟರೆ ಬಳಸುವವರಿಗೆ ಅನುಮಾನ ಇರುವುದಿಲ್ಲ. ಇಂಥ ತಿಳಿವಳಿಕೆ ಒಂದೇ ಜಾಗದಲ್ಲಿ ಕೂತಿರಲಿ ಅಂತಲೇ ಲೈಬ್ರರಿ ಬೇಕು. ಟೈಪಿಂಗ್ ಉಳಿಯುವುದು ಅದರ ಮುಂದೆ ಲೆಕ್ಕಕ್ಕಿಲ್ಲ.

ಈಗ ಬೇಸ್ ಫಾರ್ಮಿಗೆ ಬರೋಣ. ನಿಮ್ಮ ಬೇಸ್ ಫಾರ್ಮ್ ನೋಡದೆಯೇ ಅದರಲ್ಲಿ ಏನಿದೆ ಅಂತ ಹೇಳಬಲ್ಲೆ. ಡೇಟಾಬೇಸ್ ಕನೆಕ್ಷನ್, ಈಗ ಲಾಗಿನ್ ಆಗಿರುವವರ ಹೆಸರು, ಸೇವ್–ಕ್ಯಾನ್ಸಲ್ ಬಟನ್, ಎಫ್5 ಒತ್ತಿದರೆ ರಿಫ್ರೆಶ್, ವಿಂಡೋ ಎಲ್ಲಿತ್ತೆಂದು ನೆನಪಿಡುವ ಕೋಡ್, ಇದೆಲ್ಲ ಒಂದೇ ಕಡೆ. ಸಿ ಶಾರ್ಪ್‌ನಲ್ಲಿ ಒಂದು ಕ್ಲಾಸಿಗೆ ಒಂದೇ ಬೇಸ್ ಕ್ಲಾಸ್ ಇರಲು ಸಾಧ್ಯ. ಹಾಗಾಗಿ ಎಲ್ಲರಿಗೂ ಬೇಕಾದ್ದೆಲ್ಲ ಅಲ್ಲೇ ಬಂದು ಬೀಳುತ್ತದೆ. ವಿಂಡೋ ಜಾಗ ಮಾತ್ರ ಸಾಕು ಅನ್ನುವ ಪುಟ್ಟ ಡೈಲಾಗಿಗೂ ಡೇಟಾಬೇಸ್ ಅಂಟಿಕೊಳ್ಳುತ್ತದೆ.

ವಿನ್‌ಫಾರ್ಮ್ಸ್‌ನಲ್ಲಿ ಇದರ ಜೊತೆಗೆ ಇನ್ನೊಂದು ಪೇಚು ಉಂಟು. ನೀವು ಡಿಸೈನರಿನಲ್ಲಿ (ಕಂಟ್ರೋಲುಗಳನ್ನು ಎಳೆದು ಫಾರ್ಮ್ ಜೋಡಿಸುವ ಪರದೆ) ಒಂದು ಫಾರ್ಮ್ ತೆರೆದಾಗ ವಿಷುಯಲ್ ಸ್ಟುಡಿಯೋ ನಿಮ್ಮ ಫಾರ್ಮಿನ ಆಬ್ಜೆಕ್ಟ್ ಮಾಡುವುದಿಲ್ಲ. ಅದರ ಬೇಸ್ ಕ್ಲಾಸಿನ ಆಬ್ಜೆಕ್ಟ್ ಮಾಡುತ್ತದೆ. ನಿಮ್ಮ ಇನಿಶಿಯಲೈಸ್‌ಕಾಂಪೊನೆಂಟ್ (ಕಂಟ್ರೋಲುಗಳನ್ನು ಜೋಡಿಸುವ ಮೆಥಡ್) ಅನ್ನು ಓದಿ, ಅದರ ಮೇಲೆ ಕಂಟ್ರೋಲುಗಳನ್ನು ಜೋಡಿಸುತ್ತದೆ. ಅಂದರೆ ಬೇಸ್ ಫಾರ್ಮಿನ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್) ಡಿಸೈನರಿನಲ್ಲೂ ನಿಜವಾಗಿ ಓಡುತ್ತದೆ. ಅಲ್ಲಿ ಡೇಟಾಬೇಸ್ ತೆರೆಯುತ್ತಿದ್ದರೆ ಫಾರ್ಮ್ ಬದಲು ಎರರ್ ಪುಟ ಕಾಣುತ್ತದೆ. ಬೇಸ್ ಕ್ಲಾಸನ್ನು ಆ್ಯಬ್‌ಸ್ಟ್ರಾಕ್ಟ್ ಮಾಡಿದರೂ ಅಷ್ಟೇ. ಆಬ್ಜೆಕ್ಟ್ ಮಾಡಲು ಆಗದ್ದರಿಂದ ಡಿಸೈನರ್ ಕೈಚೆಲ್ಲುತ್ತದೆ. 'ಡಿಸೈನರಿನಲ್ಲಿ ಇದ್ದೇವಾ ಅಂತ ಹೇಳುವ ಡಿಸೈನ್‌ಮೋಡ್ ಪ್ರಾಪರ್ಟಿ ನೋಡಿದರೆ ಆಯ್ತಲ್ವಾ?' ಅನ್ನಬಹುದು. ಕನ್‌ಸ್ಟ್ರಕ್ಟರ್ ಒಳಗೆ ಅದು ಯಾವಾಗಲೂ ಫಾಲ್ಸ್. ಆ ಹೊತ್ತಿಗೆ ಸೈಟ್ (ಡಿಸೈನರಿನ ಜೊತೆಗಿನ ಕೊಂಡಿ) ಇನ್ನೂ ಕೂಡಿಸಿರುವುದಿಲ್ಲ. ಅಲ್ಲಿ ಕೇಳಲೇಬೇಕು ಅಂದರೆ ಲೈಸೆನ್ಸ್‌ಮ್ಯಾನೇಜರಿನ ಯೂಸೇಜ್‌ಮೋಡ್ ಇದೆ. ಆದರೆ ಕನ್‌ಸ್ಟ್ರಕ್ಟರಿನಲ್ಲಿ ಅಂಥ ಕೆಲಸ ಇಡದೇ ಇರುವುದು ಎಲ್ಲಕ್ಕಿಂತ ಒಳ್ಳೇದು.

ನನ್ನ ಸಲಹೆ: ಬೇಸ್ ಫಾರ್ಮನ್ನು ಪುಟ್ಟ ಪುಟ್ಟ ಕ್ಲಾಸುಗಳಾಗಿ ಬಿಡಿಸಿ. ವಿಂಡೋ ಜಾಗ ನೆನಪಿಡುವುದು ಬೇರೆ ಕ್ಲಾಸ್ ಆಗಲಿ. ಕನ್‌ಸ್ಟ್ರಕ್ಟರಿನಲ್ಲಿ ಒಂದು ಫಾರ್ಮ್ ಪಡೆದು ಅದರ ಲೋಡ್ ಮತ್ತು ಫಾರ್ಮ್‌ಕ್ಲೋಸಿಂಗ್ ಈವೆಂಟುಗಳಿಗೆ ಕಿವಿಗೊಟ್ಟರೆ ಸಾಕು. ಆಗ ಯಾವ ಫಾರ್ಮಿಗೆ ಬೇಕೋ ಅದಕ್ಕೆ ಒಂದು ಸಾಲಿನಲ್ಲಿ ಜೋಡಿಸಬಹುದು. ಈ ಪುಟ್ಟ ಕ್ಲಾಸಿನಲ್ಲೂ ಎರಡು ಜಾಗದಲ್ಲಿ ಎಲ್ಲರೂ ಎಡವುತ್ತಾರೆ. ವಿಂಡೋ ಮ್ಯಾಕ್ಸಿಮೈಸ್ ಅಥವಾ ಮಿನಿಮೈಸ್ ಆಗಿರುವಾಗ ಮುಚ್ಚಿದರೆ ಬೌಂಡ್ಸ್ ಬದಲು ರಿಸ್ಟೋರ್‌ಬೌಂಡ್ಸ್ (ಮಾಮೂಲಿ ಸ್ಥಿತಿಯಲ್ಲಿನ ಜಾಗ ಮತ್ತು ಅಳತೆ) ಉಳಿಸಬೇಕು. ಮತ್ತೆ ತೆರೆಯುವಾಗ, ಉಳಿಸಿದ ಜಾಗ ಈಗಿರುವ ಯಾವುದಾದರೂ ಮಾನಿಟರಿನೊಳಗೆ ಬರುತ್ತದಾ ಅಂತ ನೋಡಬೇಕು. ಇಲ್ಲದಿದ್ದರೆ, ಎರಡನೇ ಮಾನಿಟರ್ ಕಳಚಿದವರಿಗೆ ನಿಮ್ಮ ವಿಂಡೋ ಕಾಣುವುದೇ ಇಲ್ಲ. 'ಸಾಫ್ಟ್‌ವೇರ್ ಓಪನ್ ಆಗ್ತಿಲ್ಲ' ಅಂತ ಫೋನ್ ಬರುತ್ತದೆ.

ಡಿಸೈನರಿನ ಮಾತು ಬಂದಾಗ ಇದನ್ನೂ ಹೇಳಿಬಿಡುತ್ತೇನೆ. ಕಾಂಬೋಬಾಕ್ಸಿನಿಂದ ಒಂದು ಕ್ಲಾಸ್ ಮಾಡಿ, ಕನ್‌ಸ್ಟ್ರಕ್ಟರಿನಲ್ಲಿ ಹನ್ನೆರಡು ತಿಂಗಳ ಹೆಸರು ತುಂಬಿಸಿ, ಫಾರ್ಮಿಗೆ ಎಳೆದು ಹಾಕಿ ನೋಡಿ. ಓಡಿಸಿದಾಗ 24 ಹೆಸರು ಕಾಣುತ್ತವೆ. ಡಿಸೈನರಿಗೆ ಐಟಮ್ಸ್‌ನಲ್ಲಿ ಹನ್ನೆರಡು ಹೆಸರು ಕಂಡವು. ಅದು ಅವನ್ನು ಫಾರ್ಮಿನ ಕೋಡಿಗೂ ಬರೆದಿಟ್ಟಿತು. ಓಡುವಾಗ ಕನ್‌ಸ್ಟ್ರಕ್ಟರ್ ಒಂದು ಸಲ ತುಂಬಿಸಿತು, ಫಾರ್ಮ್ ಇನ್ನೊಂದು ಸಲ. ನಿಮ್ಮ ಕಂಟ್ರೋಲಿನ ಪಬ್ಲಿಕ್ ಪ್ರಾಪರ್ಟಿ ಪ್ರತಿಯೊಂದಕ್ಕೂ 'ಇದನ್ನು ಡಿಸೈನರ್ ಬರೆದಿಡಬೇಕಾ ಬೇಡವಾ' ಅಂತ ನೀವೇ ಹೇಳಬೇಕು. ಬೇಡವಾದರೆ ಡಿಸೈನರ್‌ಸೀರಿಯಲೈಸೇಷನ್‌ವಿಸಿಬಿಲಿಟಿ ಆ್ಯಟ್ರಿಬ್ಯೂಟನ್ನು ಹಿಡನ್ ಮಾಡಿ. ಸಿ ಶಾರ್ಪ್ ಓಡುವ ವೇದಿಕೆಯಾದ ಡಾಟ್ ನೆಟ್‌ನ 2024ರ ಆವೃತ್ತಿ, ಡಾಟ್ ನೆಟ್ 9ರಿಂದ, ಇದನ್ನು ಹೇಳದೆ ಬಿಟ್ಟರೆ ಬಿಲ್ಡಿನಲ್ಲೇ ಎರರ್ ಬರುತ್ತದೆ. ಬಹಳ ಜನ ಅದನ್ನು ಕಂಡು ಗೊಣಗಿದರು. ನನಗಂತೂ ಖುಷಿಯಾಯಿತು.

ಇನ್ನು ಯುಟಿಲ್ಸ್. ಆ ಹೆಸರಿನ ಕ್ಲಾಸ್ ಅಂದರೆ ಮನೆಯ ಅಟ್ಟ ಇದ್ದ ಹಾಗೆ. ಎಲ್ಲಿಡಬೇಕು ಅಂತ ತಿಳಿಯದ್ದೆಲ್ಲ ಅಲ್ಲಿಗೆ ಹೋಗುತ್ತದೆ, ಮತ್ತೆ ಕೆಳಗೆ ಬರುವುದಿಲ್ಲ. ವಿಷಯಕ್ಕೊಂದು ಕ್ಲಾಸಿನಂತೆ ಒಡೆಯಿರಿ. ಫೈಲ್ ಉಳಿಸುವುದು ಒಂದು, ಸಂಖ್ಯೆ ಓದುವುದು ಒಂದು. ಸ್ಟ್ಯಾಟಿಕ್ (ಆಬ್ಜೆಕ್ಟ್ ಮಾಡದೆ ಕರೆಯಬಹುದಾದ) ಮೆಥಡ್ ಇದ್ದರೆ ತಪ್ಪೇನಿಲ್ಲ. ಆದರೆ ಸ್ಟ್ಯಾಟಿಕ್ ವೇರಿಯೇಬಲಿನಲ್ಲಿ ಕನೆಕ್ಷನ್, ಬಳಕೆದಾರರ ಹೆಸರು, ಆರಿಸಿದ ವರ್ಷ ಎಲ್ಲ ಇಟ್ಟಿದ್ದರೆ ಅದು ಯುಟಿಲಿಟಿ ಅಲ್ಲ. ವೇಷ ಹಾಕಿದ ಗ್ಲೋಬಲ್ ವೇರಿಯೇಬಲ್, ಅಷ್ಟೇ. ಡಾಟ್ ನೆಟ್‌ನಲ್ಲಿ ಈಗಾಗಲೇ ಇರುವುದಕ್ಕೆ ಇನ್ನೊಂದು ಹೆಸರು ಕೊಡುವ ಮೆಥಡ್‌ಗಳನ್ನು ಕಣ್ಣುಮುಚ್ಚಿ ಅಳಿಸಿ.

ಸಂಖ್ಯೆ ಓದುವ ಮೆಥಡ್ ಎಲ್ಲರ ಯುಟಿಲ್ಸ್‌ನಲ್ಲೂ ಇರುತ್ತದೆ. ಎಲ್ಲರದ್ದೂ ಒಂದೇ ಥರ ತಪ್ಪಾಗಿರುತ್ತದೆ. ಜರ್ಮನ್ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ "1.5" ಅನ್ನು ಹಾಗೇ ಪಾರ್ಸ್ ಮಾಡಿದರೆ 15 ಬರುತ್ತದೆ. ಅಲ್ಲಿ ದಶಾಂಶಕ್ಕೆ ಅಲ್ಪವಿರಾಮ, ಸಾವಿರ ಬಿಡಿಸಲು ಚುಕ್ಕಿ. ಎರರ್ ಕೂಡ ಬರುವುದಿಲ್ಲ, ತಪ್ಪು ಸಂಖ್ಯೆ ಸದ್ದಿಲ್ಲದೆ ಒಳಗೆ ಹೋಗುತ್ತದೆ. ಇಲ್ಲೂ ಕೇಳಬೇಕಾದ್ದು ಅದೇ ಪ್ರಶ್ನೆ. ಈ ಅಕ್ಷರಗಳು ಎಲ್ಲಿಂದ ಬಂದವು ಅಂತ ಈ ಮೆಥಡಿಗೆ ಗೊತ್ತಾ? ಗೊತ್ತಿಲ್ಲ. ಗೊತ್ತಿರುವುದು ಕರೆಯುವವರಿಗೆ. ಅದಕ್ಕೇ ಎರಡು ಮೆಥಡ್ ಇಡಿ. ಮನುಷ್ಯರು ಟೈಪ್ ಮಾಡಿದ್ದನ್ನು ಅವರ ಕಂಪ್ಯೂಟರಿನ ಕಲ್ಚರ್ (ಭಾಷೆ, ದೇಶದ ಸೆಟ್ಟಿಂಗ್) ಪ್ರಕಾರ ಓದುವುದು ಒಂದು, ಫೈಲಿನಿಂದ ಬಂದದ್ದನ್ನು ಇನ್‌ವೇರಿಯಂಟ್ (ಯಾವ ಕಂಪ್ಯೂಟರಿನಲ್ಲೂ ಬದಲಾಗದ) ಕಲ್ಚರಿನಲ್ಲಿ ಓದುವುದು ಇನ್ನೊಂದು. ಅಕ್ಷರ ಹೋಲಿಕೆಗೂ ಇದೇ ಮಾತು. ಟರ್ಕಿಶ್ ಕಲ್ಚರಿನಲ್ಲಿ ಸಣ್ಣ 'ಐ' (i) ದೊಡ್ಡದಾದರೆ ತಲೆ ಮೇಲೆ ಚುಕ್ಕಿ ಇರುವ ಬೇರೆಯೇ ಅಕ್ಷರ ಬರುತ್ತದೆ. ಫೈಲ್ ಹೆಸರು, ಕೀ ಇವನ್ನೆಲ್ಲ ಹೋಲಿಸಲು ಆರ್ಡಿನಲ್‌ಇಗ್ನೋರ್‌ಕೇಸ್ (ಕಲ್ಚರ್ ನೋಡದೆ, ದೊಡ್ಡ–ಸಣ್ಣ ಅಕ್ಷರ ಒಂದೇ ಅಂತ ಹೋಲಿಸುವ ಕ್ರಮ) ಬಳಸಿ.

ಫೈಲ್ ಉಳಿಸುವ ಮೆಥಡ್ ನೇರವಾಗಿ ಹಳೇ ಫೈಲಿನ ಮೇಲೆ ಬರೆಯುತ್ತಿದ್ದರೆ, ಮಧ್ಯದಲ್ಲಿ ಕರೆಂಟ್ ಹೋದಾಗ ಹಳೇದೂ ಇಲ್ಲ, ಹೊಸದೂ ಇಲ್ಲ. ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಫೈಲ್ ಬರೆದು ಫೈಲ್.ರಿಪ್ಲೇಸ್ ಕರೆಯಿರಿ. ಮೊದಲ ಸಲ ಹಳೇ ಫೈಲ್ ಇರುವುದಿಲ್ಲ, ಆಗ ರಿಪ್ಲೇಸ್ ಎಕ್ಸೆಪ್ಷನ್ ಎಸೆಯುತ್ತದೆ. ಅದಕ್ಕೆ ಮೊದಲ ಸಲ ಮಾತ್ರ ಫೈಲ್.ಮೂವ್ ಬಳಸಿ.

ಯುಟಿಲಿಟಿ ಕ್ಲಾಸಿನೊಳಗೆ ಮೆಸೇಜ್‌ಬಾಕ್ಸ್ ಇದ್ದರೆ ಇವತ್ತೇ ತೆಗೆಯಿರಿ. ನಾನು ಬರೆದ ಒಂದು ಇಂಪೋರ್ಟ್ ಕ್ಲಾಸ್ ಸ್ಕ್ರೀನಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆಮೇಲೆ ಅದನ್ನೇ ರಾತ್ರಿ ಹೊತ್ತು ತಾನಾಗಿ ಓಡುವ ಹಾಗೆ ಇಟ್ಟೆವು, ಮೂಲೆಯಲ್ಲಿದ್ದ, ಯಾರೂ ಕೂರದ ಒಂದು ಕಂಪ್ಯೂಟರಿನಲ್ಲಿ. ಒಂದು ಸಾಲಿನಲ್ಲಿ ತಾರೀಖು ತಪ್ಪಿತ್ತು. 'ತಾರೀಖು ಸರಿಯಿಲ್ಲ, ಮುಂದುವರಿಸಲಾ?' ಅಂತ ಬಾಕ್ಸ್ ಬಂತು. ಉತ್ತರಕ್ಕಾಗಿ ಬೆಳಗಿನವರೆಗೂ ಕಾಯಿತು. ಫೈಲ್ ಓದುವ ಕ್ಲಾಸಿಗೆ ಎದುರಿಗೆ ಮನುಷ್ಯರಿದ್ದಾರೆ ಅಂತ ಗೊತ್ತಿರಬಾರದಿತ್ತು. ಅದು ಏನಾಯಿತು ಅಂತ ಫಲಿತಾಂಶದಲ್ಲಿ ಹೇಳಲಿ ಅಥವಾ ಎಕ್ಸೆಪ್ಷನ್ ಎಸೆಯಲಿ. ಬಾಕ್ಸ್ ತೋರಿಸುವುದೋ ಲಾಗ್ ಬರೆಯುವುದೋ ಫಾರ್ಮ್ ನಿರ್ಧರಿಸಲಿ.

ಎಷ್ಟು ಮುಗಿಯಿತು ಅಂತ ತೋರಿಸುವುದೂ ಹೀಗೇ. ಪ್ರೋಗ್ರೆಸ್‌ಬಾರನ್ನು ಯುಟಿಲಿಟಿಗೆ ಕಳಿಸಬೇಡಿ. 2012ರ ಡಾಟ್ ನೆಟ್ 4.5ರಿಂದ ಐಪ್ರೋಗ್ರೆಸ್ ಇಂಟರ್ಫೇಸ್ ಇದೆ. ಫಾರ್ಮಿನಲ್ಲಿ, ಯುಐ ಥ್ರೆಡ್ಡಿನಲ್ಲೇ (ಸ್ಕ್ರೀನನ್ನು ನಡೆಸುವ ಥ್ರೆಡ್), ಪ್ರೋಗ್ರೆಸ್ ಆಬ್ಜೆಕ್ಟ್ ಮಾಡಿದರೆ ಅದು ಆ ಥ್ರೆಡ್ಡಿನ ಸಂದರ್ಭವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿನ್ನೆಲೆಯಲ್ಲಿ ಓಡುವ ಕೋಡ್ ರಿಪೋರ್ಟ್ ಕರೆದಾಗ ಸುದ್ದಿ ತಾನಾಗಿ ಯುಐ ಥ್ರೆಡ್ಡಿಗೆ ಬರುತ್ತದೆ. ಯುಟಿಲಿಟಿಯಲ್ಲಿ ಇನ್ವೋಕ್‌ರಿಕ್ವೈರ್ಡ್ (ಬೇರೆ ಥ್ರೆಡ್ಡಿನಲ್ಲಿ ಇದ್ದೇವಾ ಅಂತ ಕೇಳುವ ಸಾಲು) ಬರೆಯುವ ಪ್ರಮೇಯವೇ ಇಲ್ಲ.

ಲೈಬ್ರರಿಯಲ್ಲಿ ಇರಲೇಬೇಕು ಅಂತ ನಾನು ಹೇಳುವ ಒಂದು ಮೆಥಡ್ ಇದೆ. ಪ್ಯಾನೆಲಿನೊಳಗಿನ ಕಂಟ್ರೋಲುಗಳನ್ನು ತೆಗೆಯಲು ಎಲ್ಲರೂ ಕಂಟ್ರೋಲ್ಸ್.ಕ್ಲಿಯರ್ ಕರೆಯುತ್ತಾರೆ. ಅದು ಪ್ಯಾನೆಲಿನಿಂದ ಬಿಡಿಸುತ್ತದೆ, ಡಿಸ್ಪೋಸ್ ಮಾಡುವುದಿಲ್ಲ, ಅಂದರೆ ಹಿಡಿದಿಟ್ಟದ್ದನ್ನು ವಿಂಡೋಸ್‌ಗೆ ವಾಪಸ್ ಕೊಡುವುದಿಲ್ಲ. ವಿಂಡೋ ಹ್ಯಾಂಡಲ್ (ಕಂಟ್ರೋಲನ್ನು ಗುರುತಿಸಲು ವಿಂಡೋಸ್ ಕೊಡುವ ಗುರುತು) ಹಾಗೇ ಉಳಿಯುತ್ತದೆ. ವಿಂಡೋಸ್‌ನಲ್ಲಿ ಒಂದು ಪ್ರೋಸೆಸ್ಸಿಗೆ ಸಿಗುವ ಯೂಸರ್ ಆಬ್ಜೆಕ್ಟುಗಳು (ವಿಂಡೋ ಹ್ಯಾಂಡಲ್ ಕೂಡ ಇದರಲ್ಲೇ ಲೆಕ್ಕ) ಸಾಮಾನ್ಯವಾಗಿ 10,000. ಹುಡುಕಿದಾಗಲೆಲ್ಲ 50 ಕಾರ್ಡ್ ತೋರಿಸುವ ಸ್ಕ್ರೀನ್ ಇದ್ದು, ಪ್ರತಿ ಕಾರ್ಡಿನಲ್ಲಿ ನಾಲ್ಕು ಕಂಟ್ರೋಲ್ ಇದ್ದರೆ, ಕಾರ್ಡೂ ಸೇರಿ ಸಲಕ್ಕೆ 250 ಹೋಯಿತು. ನಲವತ್ತು ಸಲ ಹುಡುಕಿದರೆ ಮುಗಿಯಿತು, 'ವಿಂಡೋ ಹ್ಯಾಂಡಲ್ ಮಾಡಲಾಗಲಿಲ್ಲ' ಅನ್ನುವ ಎರರ್. ಬರೆಯುವವರ ಕಂಪ್ಯೂಟರಿನಲ್ಲಿ ಇದು ಕಾಣುವುದೇ ಇಲ್ಲ, ಯಾಕೆಂದರೆ ನಾವು ನಾಲ್ಕು ಸಲ ಹುಡುಕಿ ಮುಚ್ಚಿಬಿಡುತ್ತೇವೆ. ಟಾಸ್ಕ್ ಮ್ಯಾನೇಜರಿನಲ್ಲಿ ಯೂಸರ್ ಆಬ್ಜೆಕ್ಟ್ಸ್ ಕಾಲಮ್ ತೆರೆದಿಟ್ಟು ನೋಡಿದರೆ ಏರುತ್ತಾ ಹೋಗುವುದು ಗೊತ್ತಾಗುತ್ತದೆ. ಸರಿಯಾದ ಮೆಥಡ್ ಬರೆಯುವಾಗ ಲೂಪನ್ನು ಕೊನೆಯಿಂದ ಮೊದಲಿಗೆ ಓಡಿಸಿ. ಡಿಸ್ಪೋಸ್ ಆದ ಕಂಟ್ರೋಲ್ ತಾನಾಗಿ ಪಟ್ಟಿಯಿಂದ ಹೊರಗೆ ಬರುತ್ತದೆ. ಮೊದಲಿನಿಂದ ಹೋದರೆ ಒಂದು ಬಿಟ್ಟು ಒಂದು ಉಳಿದುಬಿಡುತ್ತದೆ.

ಸ್ಟ್ಯಾಟಿಕ್ ಈವೆಂಟಿಗೆ ಕಿವಿಗೊಟ್ಟ ಕಂಟ್ರೋಲ್ ಕೂಡ ಹೀಗೇ ಉಳಿಯುತ್ತದೆ. ಡಿಸ್ಪೋಸ್‌ನಲ್ಲಿ ಆ ಈವೆಂಟಿನ ನಂಟು ಬಿಡಿಸಿ. ಪಿಕ್ಸೆಲ್ ಅಳತೆಯನ್ನು ಕೋಡಿನಲ್ಲಿ ನೇರ ಬರೆಯಬೇಡಿ. 96 ಡಿಪಿಐಯಲ್ಲಿ (100 ಶೇಕಡಾ ಸ್ಕೇಲಿಂಗ್) 24 ಪಿಕ್ಸೆಲ್ ಇದ್ದ ಸಾಲು 150 ಶೇಕಡಾ ಸ್ಕೇಲಿಂಗಿನಲ್ಲಿ 36 ಆಗಬೇಕು. ಅದಕ್ಕೆ ಲಾಜಿಕಲ್‌ಟುಡಿವೈಸ್‌ಯೂನಿಟ್ಸ್ ಅನ್ನುವ ಮೆಥಡ್ ಇದೆ.

ಲೈಬ್ರರಿ ಬೇರೆ ಡಿಎಲ್‌ಎಲ್ (ಆ್ಯಪ್‌ಗಳು ಬಳಸುವ ಪ್ರತ್ಯೇಕ ಕೋಡ್ ಫೈಲ್) ಆದ ದಿನದಿಂದ ನಿಮಗೆ ಹೊಸ ಥರದ ಎಚ್ಚರ ಬೇಕು. ಮೆಥಡಿನ ಪ್ಯಾರಾಮೀಟರಿಗೆ ಕೊಟ್ಟ ಡಿಫಾಲ್ಟ್ ಬೆಲೆ ಲೈಬ್ರರಿಯಲ್ಲಿ ಇರುವುದಿಲ್ಲ. ಕಂಪೈಲರ್ ಅದನ್ನು ಕರೆಯುವವರ ಕೋಡಿನೊಳಗೆ ಅಚ್ಚು ಹಾಕುತ್ತದೆ. ನೀವು 300 ಇದ್ದದ್ದನ್ನು 500 ಮಾಡಿ ಡಿಎಲ್‌ಎಲ್ ಮಾತ್ರ ಬದಲಿಸಿದರೆ, ಹಳೇ ಆ್ಯಪ್ 300ನ್ನೇ ಕಳಿಸುತ್ತಿರುತ್ತದೆ. ಪಬ್ಲಿಕ್ ಕಾನ್ಸ್ಟ್ (ಕೋಡಿನಲ್ಲಿ ಸ್ಥಿರವಾಗಿ ಬರೆದಿಟ್ಟ ಬೆಲೆ) ಕೂಡ ಹಾಗೇ. ಇರುವ ಮೆಥಡಿಗೆ ಇನ್ನೊಂದು ಐಚ್ಛಿಕ ಪ್ಯಾರಾಮೀಟರ್ ಸೇರಿಸಿದಿರೋ, ಮತ್ತೆ ಕಂಪೈಲ್ ಮಾಡದ ಆ್ಯಪ್ 'ಮೆಥಡ್ ಸಿಗಲಿಲ್ಲ' ಅಂತ ಬೀಳುತ್ತದೆ. ಸೇರಿಸಬೇಕಾದಾಗ ಹಳೇದನ್ನು ಹಾಗೇ ಬಿಟ್ಟು ಓವರ್‌ಲೋಡ್ (ಅದೇ ಹೆಸರಿನ, ಬೇರೆ ಪ್ಯಾರಾಮೀಟರಿನ ಮೆಥಡ್) ಬರೆಯಿರಿ. ತೆಗೆಯಬೇಕಾದ್ದಕ್ಕೆ ಮೊದಲು ಅಬ್ಸಲೀಟ್ (ಇನ್ನು ಬಳಸಬೇಡಿ ಅನ್ನುವ) ಗುರುತು ಹಾಕಿ, ಒಂದು ವರ್ಷನ್ ಬಿಟ್ಟು ತೆಗೆಯಿರಿ. ಹಂಚಲು ನ್ಯೂಗೆಟ್ (ಡಾಟ್ ನೆಟ್ ಲೈಬ್ರರಿ ಹಂಚುವ ವ್ಯವಸ್ಥೆ) ಪ್ಯಾಕೇಜ್ ಮಾಡಿ. ಸರ್ವರ್ ಏನೂ ಬೇಡ, ಸುಮ್ನೆ ಒಂದು ಫೋಲ್ಡರನ್ನೇ ಸೋರ್ಸ್ ಅಂತ ತೋರಿಸಿದರೆ ಆಯಿತು.

ನಾಲ್ಕು ಪ್ರಾಜೆಕ್ಟನ್ನೂ ಒಂದೇ ಸಲ ಬದಲಿಸಲು ಹೋಗಬೇಡಿ. ಕಂಟ್ರೋಲ್ ಡಿಸ್ಪೋಸ್ ಮಾಡುವ ಮೆಥಡ್ ಮತ್ತು ವಿಂಡೋ ಜಾಗದ ಕ್ಲಾಸ್, ಇವೆರಡನ್ನು ಮೊದಲು ಲೈಬ್ರರಿಗೆ ತನ್ನಿ. ಈಗ ಕೈಯಲ್ಲಿರುವ ಪ್ರಾಜೆಕ್ಟಿನಲ್ಲಿ ಹಳೇ ಕಾಪಿ ಅಳಿಸಿ ಇದನ್ನು ಜೋಡಿಸಿ. ಉಳಿದ ಮೂರನ್ನು ಬೇರೆ ಕೆಲಸಕ್ಕೆ ತೆರೆದಾಗ ನೋಡಿಕೊಳ್ಳಿ. ಜೊತೆಗೆ ಲೈಬ್ರರಿ ಸಲ್ಯೂಷನ್ನಿನಲ್ಲೇ ಒಂದು ಪುಟ್ಟ ಡೆಮೋ ಆ್ಯಪ್ ಇಡಿ, ಪ್ರತಿ ಕಂಟ್ರೋಲಿಗೂ ಒಂದು ಟ್ಯಾಬ್. ಡೇಟಾಬೇಸ್ ಇಲ್ಲದೆ, ಲಾಗಿನ್ ಇಲ್ಲದೆ ಅದು ಓಡಬೇಕು. ಯಾವ ಕಂಟ್ರೋಲ್ ಅಲ್ಲಿ ಓಡಲು ತಕರಾರು ಮಾಡುತ್ತದೋ ಅದನ್ನು ಇನ್ನೂ ಬಿಡಿಸಿಲ್ಲ ಅಂತ ಅರ್ಥ.

ಗ್ರಿಡ್ ಮಾತ್ರ ಕೊನೆಗೆ ಮುಟ್ಟಿ. ವಿಂಗಡಣೆ, ಫಿಲ್ಟರ್, ಪ್ರಿಂಟ್, ಎಕ್ಸೆಲ್‌ಗೆ ಕಳಿಸುವುದು ಎಲ್ಲ ಅದರ ಮೈಮೇಲೇ ಬೆಳೆದಿರುತ್ತದೆ. ಅದನ್ನು ಹೋಲಿಸಿದಾಗ ನಾಲ್ಕು ಕಾಪಿಯಲ್ಲೂ ಒಂದೇ ಥರ ಇರುವುದು ಬಹುಶಃ ಕಾಲಮ್ ಅಗಲ ನೆನಪಿಡುವ ಭಾಗ ಒಂದೇ. ಹಾಗಿದ್ದರೆ ಅದೊಂದನ್ನೇ ತನ್ನಿ.